ಹನ್ನೆರಡರ ಮೇಲಿನ ಮಹಡಿ

ಬೆಳಿಗ್ಗೆ 8.47. ಮುಲುಂಡ್ ಪಶ್ಚಿಮದ ಹದಿನೆಂಟು ಮಹಡಿಯ ಕಟ್ಟಡವೊಂದರ ಬಿ ವಿಂಗ್‌ನಲ್ಲಿ ಲಿಫ್ಟ್ ನಿಂತಿತು. ಹನ್ನೆರಡು ಮತ್ತು ಹದಿನಾಲ್ಕನೇ ಮಹಡಿಗಳ ನಡುವೆ. ಒಳಗೆ ಇಬ್ಬರಿದ್ದರು.

ಫ್ಯಾನ್ ನಿಂತಿತು. ದೀಪ ಆರಿ, ಮೂಲೆಯ ಚಿಕ್ಕ ದೀಪವೊಂದು ಉಳಿಯಿತು.

“ದೇವರೇ... ಇಲ್ಲೇ ನಿಲ್ಲಬೇಕಿತ್ತಾ!”

ಸಂಹಿತಾ ತನಗೆ ತಾನೇ ಅಂದುಕೊಂಡದ್ದು ಬಾಯಿಂದ ಹೊರಗೇ ಬಂದಿತ್ತು.

“ಕನ್ನಡದವ್ರೇನ್ರಿ?” ಎದುರಿಗಿದ್ದವನು ಕೇಳಿದ. ಮೂವತ್ತರ ಆಸುಪಾಸು. ಹೆಗಲಲ್ಲಿ ಎಣ್ಣೆ ಕಲೆಯ ಚೀಲ, ಅಂಗಿಯ ಜೇಬಿನ ಮೇಲೆ ಲಿಫ್ಟ್ ಕಂಪನಿಯ ಹೆಸರು.

ಅವಳು ಆ ಹೆಸರನ್ನು ಓದಿದಳು. “ನೀವು ಲಿಫ್ಟ್ ರಿಪೇರಿಯವರಾ? ನೀವೇ ಒಳಗೆ ಸಿಕ್ಕಿಹಾಕ್ಕೊಂಡ್ರೆ ಹೇಗೆ?”

“ಡಾಕ್ಟರಿಗೂ ಜ್ವರ ಬರ್ತಾವಲ್ರಿ.” ಅವನು ಫೋನ್ ತೆಗೆದು ಹತ್ತಿರದಲ್ಲಿದ್ದ ಇನ್ನೊಬ್ಬ ಮೆಕ್ಯಾನಿಕ್‌ಗೆ ಹೇಳಿ ಅವಳ ಕಡೆ ತಿರುಗಿದ. “ಹದಿನೈದು ಇಪ್ಪತ್ತು ನಿಮಿಷ ಆಗ್ತೈತಿ. ಬಾಗಿಲಾ ಎಳೀಬ್ಯಾಡ್ರಿ. ಹೆದರಬ್ಯಾಡ್ರಿ. ನಾ ಅಮೋಲ್ ಅಂತ.”

“ಹೆದರಿಲ್ಲ...”

ಅವಳ ಕೈ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. ಅವನು ಅದನ್ನು ನೋಡಿದ. ನೋಡದವನಂತೆ ಮುಖ ತಿರುಗಿಸಿದ.

“ಮತ್ತ ‘ಇಲ್ಲೇ’ ಅಂದ್ರಲ್ಲ?”

“ಈ ತಿಂಗಳಲ್ಲಿ ಮೂರನೇ ಸಲ ಇದೇ ಜಾಗದಲ್ಲಿ ನಿಲ್ತಿದೆ. ನಮ್ಮ ಮಹಡಿ ಹತ್ರಾನೇ. ನಮ್ಮಮ್ಮ...” ಅವಳು ತಡೆದಳು. “ಅಮ್ಮ ಆ ನಂಬರ್ ಬಾಯಲ್ಲಿ ಹೇಳಲ್ಲ. ಹನ್ನೆರಡರ ಮೇಲೊಂದು ಅಂತಾರೆ.”

“ನಿಮ್ಮ ಮನಿ?”

“1402.”

“ಅಂದ್ರ ಹದಿಮೂರನೇ ಮಾಲಾ. ಮಹಡಿ ಅಂತೀರಲ್ಲ, ಅದು.”

“ಹಾಗನ್ನಬೇಡಿ! ನಮ್ಮದು ಹದಿನಾಲ್ಕು.”

“ಬಿಲ್ಡರ್ ಗುಂಡಿ ಮ್ಯಾಲೆ ಹದಿನಾಲ್ಕು ಅಂತ ಬರದಾನ್ರಿ. ಲಿಫ್ಟಿನ ಹಗ್ಗಕ್ಕ ಅದು ಗೊತ್ತಿಲ್ಲ. ಅದು ಹದಿಮೂರೇ ಎಣಸ್ತೈತಿ.”

ಅವಳು ಗುಂಡಿಗಳ ಸಾಲನ್ನು ನೋಡಿದಳು. ಹನ್ನೊಂದು ವರ್ಷ ಆ ಮನೆಯಲ್ಲಿದ್ದವಳು. ಯಾರೂ ಅದನ್ನು ಅವಳ ಮುಖಕ್ಕೆ ಹೇಳಿರಲಿಲ್ಲ.

ಆಗ ಅವನು ತಲೆಯೆತ್ತಿ ಗಾಳಿಯನ್ನು ಮೂಸಿದ.

“ಸುಟ್ಟ ವಾಸನಿ ಬರಾಕತ್ತೈತೇನ್ರಿ?”

ಬರುತ್ತಿತ್ತು. ತೆಳುವಾಗಿ, ಪ್ಲಾಸ್ಟಿಕ್ ಸುಟ್ಟಂತೆ.

9.06ಕ್ಕೆ ಬಾಗಿಲು ತೆರೆಯಿತು. ಸಂಹಿತಾಳ 9.05ರ ಲೋಕಲ್ ರೈಲು ತಪ್ಪಿತ್ತು. ಅವಳಿಗೆ ಬೇಸರವಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕುರ್ಲಾ ಸ್ಟೇಷನ್ ಬರುವವರೆಗೂ ಯೋಚಿಸಿದಳು.

*

ಸಂಹಿತಾ ಕುರ್ಲಾದ ಶಾಲೆಯೊಂದರಲ್ಲಿ ಗಣಿತದ ಟೀಚರ್. ಇಪ್ಪತ್ತೇಳು ವರ್ಷ. ತಂದೆ ಕೇಶವಮೂರ್ತಿ ಮೈಸೂರಿನವರು, ಬ್ಯಾಂಕಿನಿಂದ ನಿವೃತ್ತರು, ಹೃದಯದ ಶಸ್ತ್ರಚಿಕಿತ್ಸೆಯಾದವರು. ಮೆಟ್ಟಿಲು ಹತ್ತುವಂತಿರಲಿಲ್ಲ.

ತಾಯಿ ಕೌಸಲ್ಯಾ ಅವರಿಗೆ ಹದಿಮೂರು ಎಂದರೆ ಸತ್ತವರ ದಿನ. ಊರಿನಲ್ಲಿ ಅವರ ತಂದೆಯ ವೈಕುಂಠ ಸಮಾರಾಧನೆ ನಡೆದದ್ದು ಹದಿಮೂರನೇ ದಿನ. ಅಂದೇ ಗಂಡನಿಗೆ ಮೊದಲ ಸಲ ಎದೆನೋವು ಬಂದದ್ದು. ಈ ಕಟ್ಟಡದ ಮರಾಠಿ ನೆರೆಹೊರೆಯವರೂ ಸಾವಿನ ಕ್ರಿಯೆಗೆ ‘ತೇರಾವಾ’, ಹದಿಮೂರನೆಯದು, ಎಂದೇ ಅನ್ನುತ್ತಿದ್ದರು. ಲಿಫ್ಟಿನಲ್ಲಿ ಆ ಗುಂಡಿ ಇಲ್ಲ ಎಂದು ನೋಡಿದ ಮೇಲೆಯೇ ಅವರು ಈ ಫ್ಲಾಟ್ ಒಪ್ಪಿದ್ದು.

ಅಮೋಲ್ ಆ ಜೂನ್‌ನಿಂದ ಪ್ರತಿ ಸೋಮವಾರ ಬಂದ. ಲಿಫ್ಟ್ ಅಲ್ಲೇ ಏಕೆ ನಿಲ್ಲುತ್ತದೆ ಎಂಬುದು ಎರಡನೇ ವಾರ ಗೊತ್ತಾಯಿತು. 1402ರ ಬಾಗಿಲ ಪಕ್ಕದ ಡಕ್ಟ್‌ನಲ್ಲಿ, ಅಂದರೆ ನೆಲದಿಂದ ತುದಿಯವರೆಗೆ ಕರೆಂಟಿನ ಕೇಬಲ್‌ಗಳು ಹಾಯುವ ಗೋಡೆಯ ಕಂಡಿಯಲ್ಲಿ, ದಪ್ಪ ಕೇಬಲ್‌ನ ಜೋಡಣೆ ಸಡಿಲವಾಗಿ ಕಾಯುತ್ತಿತ್ತು. ಆ ಬಿಸಿಗೆ ಲಿಫ್ಟ್ ಬಾಗಿಲಿನ ತೆಳು ವೈರ್ ಕರಗಿತ್ತು. ಲಿಫ್ಟ್ ಅಲ್ಲಿ ಹಾಯುವಾಗಿನ ನಡುಕಕ್ಕೆ ಸಂಪರ್ಕ ತಪ್ಪುತ್ತಿತ್ತು.

ಅಮೋಲ್ ಲಿಫ್ಟಿನ ವೈರ್ ಬದಲಿಸಿದ. ದಪ್ಪ ಕೇಬಲ್ ಕಟ್ಟಡದ ನಿವಾಸಿಗಳ ಸೊಸೈಟಿಯದು. ಅದಕ್ಕೆ ಪತ್ರ ಬರೆದ.

ಪತ್ರದಲ್ಲಿ ಎರಡು ಮಾತಿದ್ದವು. ಕೇಬಲ್ ಬದಲಿಸಿ. ಹನ್ನೆರಡರ ಮೇಲಿನ ಮಹಡಿಗಳಲ್ಲಿ ನಿಜವಾದ ಸಂಖ್ಯೆಯನ್ನೂ ಬರೆಯಿರಿ. ಬೆಂಕಿ ಬಿದ್ದರೆ ಬರುವವರು ಕತ್ತಲಲ್ಲಿ ಮಹಡಿ ಎಣಿಸಿಯೇ ಹತ್ತುತ್ತಾರೆ.

“ಭಾಯ್, ತೇರಾ ನಂಬರ್ ಲಿಖ್ ದಿಯಾ ತೋ ಫ್ಲಾಟ್ ಕೌನ್ ಲೇಗಾ?” ಹದಿಮೂರು ಎಂದು ಬರೆದುಬಿಟ್ಟರೆ ಫ್ಲಾಟ್ ಕೊಳ್ಳುವವರು ಯಾರು ಎಂದು ಸೊಸೈಟಿಯ ಕಾರ್ಯದರ್ಶಿ ಧನರಾಜ್ ನಕ್ಕರು.

ಕೇಬಲ್ ವಿಷಯವನ್ನು ಮುಂದಿನ ಸಭೆಗೆ ಬಿಟ್ಟರು. ಮುಂದಿನ ಸಭೆಯಲ್ಲಿ, ಲಿಫ್ಟ್ ಪದೇ ಪದೇ ಅಲ್ಲೇ ನಿಲ್ಲುವುದಕ್ಕೆ ಶಾಂತಿಹೋಮ ಮಾಡಿಸುವುದೆಂದು ತೀರ್ಮಾನವಾಯಿತು. ಮಾಡಿಸಿದರು ಕೂಡ. ಲಿಫ್ಟಿನ ಕನ್ನಡಿಗೆ ಕುಂಕುಮ ಹಚ್ಚಿದರು.

“ಹೋಮದ ಹೊಗಿಗೆ ನನ್ನ ಸೆನ್ಸರ್ ಕೆಟ್ಟಾವ್ರಿ,” ಎಂದ ಅಮೋಲ್, ಸಂಹಿತಾಳ ಜೊತೆ ಸ್ಟೇಷನ್ನಿನ ಕಡೆ ನಡೆಯುತ್ತ. ಸೋಮವಾರಗಳಂದು ಅವರು ಹೀಗೆ ಜೊತೆಯಾಗಿ ನಡೆಯುವುದು ರೂಢಿಯಾಗಿತ್ತು.

“ನಗಬೇಡಿ. ಅಮ್ಮ ಅಲ್ಲೇ ಕೂತಿದ್ರು.”

“ಟೀಚರ್, ಒಂದು ಕೇಳ್ಲಿ? ನೀವು ಶಾಲ್ಯಾಗ ಹದಿಮೂರರ ಮಗ್ಗಿ ಕಲಿಸ್ತೀರೋ, ಬಿಟ್ಟುಬಿಡ್ತೀರೋ?”

“ಕಲಿಸ್ತೀನಿ! ಮನೇಲಿ ಮಾತ್ರ ಹೇಳಲ್ಲ.”

“ಒಮ್ಮೆ ಹೇಳ್ರಿ ನೋಡೋಣ.”

ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಅವಳು ಹೇಳಿದಳು. ಹದಿಮೂರೊಂದ್ಲ ಹದಿಮೂರು... ಹದಿಮೂರೆರಡ್ಲ ಇಪ್ಪತ್ತಾರು... ಕೊನೆಯವರೆಗೂ. ಅವನು ಅವಳಿಂದ ಕಣ್ಣು ಕೀಳದೆ ಕೇಳಿದ. ಲೋಕಲ್ ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

‘ಇದೇನಾ ಅದು?’ ಅವಳ ಎದೆ ಕೇಳಿತು. ಉತ್ತರ ಅವಳಿಗೆ ಗೊತ್ತಿತ್ತು.

ಆದರೆ ಬಾಗಿಲ ಪಕ್ಕದ ವಾಸನೆ ಹೋಗಿರಲಿಲ್ಲ.

*

ಸೆಪ್ಟೆಂಬರ್‌ನ ಒಂದು ಮಂಗಳವಾರ, ಸಂಜೆ 7.20. ಬಿ ವಿಂಗ್‌ನಲ್ಲಿ ಕರೆಂಟ್ ಹೋಯಿತು.

ಅಕ್ಕಪಕ್ಕದವರಿಗೂ ಹೋಗಿದೆಯೇ ಎಂದು ನೋಡಲು ಕೌಸಲ್ಯಾ ಬಾಗಿಲು ತೆರೆದರು. ಎದುರಿನ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿ, ಕತ್ತಲೊಳಗಿಂದ ಹಸಿರಾಗಿ ಹೊಳೆಯುತ್ತಿತ್ತು.

13.

ಅವರು ಕಿರುಚಿದ ಸದ್ದಿಗೆ ಕೇಶವಮೂರ್ತಿ ಕುರ್ಚಿಯಿಂದ ಎದ್ದರು. ಎರಡು ಹೆಜ್ಜೆ ಇಟ್ಟು ಎದೆ ಹಿಡಿದು ಕುಸಿದರು.

ಎರಡು ದಿನ ಐಸಿಯು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೌಸಲ್ಯಾ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. “ಯಾರೋ ಮಾಡಿಸಿದ್ದಾರೆ ಕಣೇ. ನೆಲದ ಹತ್ರ ಬರೆದಿದ್ರು. ಮಾಟದವರೇ ಹಾಗೆ ಬರೆಯೋದು. ಗೋಡೆಯೊಳಗಿಂದ ಉರೀತಿತ್ತು ಕಣೇ!”

ಸಂಹಿತಾ ಕಾರಿಡಾರಿನ ತುದಿಗೆ ಹೋಗಿ ಫೋನ್ ಮಾಡಿದಳು.

“ನಮ್ಮ ಬಾಗಿಲ ಎದುರು ಆ ನಂಬರ್ ಬರೆದದ್ದು ಯಾರು?”

“ನಾನಽ ಬರದೀನ್ರಿ. ಮಧ್ಯಾಹ್ನ. ಕತ್ತಲದಾಗ ಹೊಳಿಯೂ ಬಣ್ಣ ಅದು...”

“ಯಾರನ್ನ ಕೇಳಿ ಬರೆದ್ರಿ?”

ಆ ಕಡೆ ಮಾತೊಂದು ಶುರುವಾಗಿ ಅರ್ಧಕ್ಕೇ ನಿಂತಿತು.

“...ತಪ್ಪಾತ್ರಿ.”

“ಅಪ್ಪ ಐಸಿಯುನಲ್ಲಿದ್ದಾರೆ, ಅಮೋಲ್! ನಮ್ಮಮ್ಮನ ಭಯ ನಿಮಗೆ ತಮಾಷೆಯಾ? ಇನ್ನು ನನಗೆ ಫೋನ್ ಮಾಡಬೇಡಿ.”

“ಹೆಂಗದಾರ್ರಿ ಅವರು?”

ಅವಳು ಉತ್ತರಿಸದೆ ಫೋನಿಟ್ಟಳು. ಗೋಡೆಗೊರಗಿ ಅತ್ತಳು... ಅಪ್ಪನಿಗಾಗಿಯೋ, ಅವನಿಗಾಗಿಯೋ ತಿಳಿಯಲಿಲ್ಲ.

ಕೌಸಲ್ಯಾ ಮನೆಗೆ ಬಂದ ದಿನವೇ ವಾಚ್‌ಮನ್ ಶರಣಬಸಪ್ಪನಿಂದ ಬಿಳಿ ಬಣ್ಣ ತರಿಸಿ ಗೋಡೆಗೆ ಎರಡು ಸಲ ಬಳಿದರು. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

“ಅಕ್ಕಾರ, ಅದರ ಕೆಳಗ ಇನ್ನೂ ಏನೋ ಬರದಿತ್ತ ನೋಡ್ರಿ,” ಎಂದ ಶರಣಬಸಪ್ಪ, ಬ್ರಶ್ ತೊಳೆಯುತ್ತ.

“ಏನಾದ್ರೂ ಇರ್ಲಿ. ಮುಚ್ಚು.”

ಲಿಫ್ಟ್ ನೋಡಲು ಬೇರೊಬ್ಬ ಮೆಕ್ಯಾನಿಕ್ ಬರತೊಡಗಿದ. ಅಮೋಲ್ ತಾನೇ ಬೇರೆ ಏರಿಯಾ ಕೇಳಿ ಪಡೆದಿದ್ದ.

ಸಂಹಿತಾ ಬದಲಾಗಿದ್ದಳು. ಶಾಲೆಯ ಮೆಟ್ಟಿಲು ಹತ್ತುವಾಗ ಎಣಿಸುತ್ತಿದ್ದಳು. ಹನ್ನೆರಡಾದ ಮೇಲೆ ಒಂದನ್ನು ದಾಟಿ ಕಾಲಿಡುತ್ತಿದ್ದಳು. ಹದಿಮೂರನೇ ರೋಲ್ ನಂಬರಿನ ಹುಡುಗಿಯ ಹೆಸರನ್ನು ಮೆಲ್ಲಗೆ ಕರೆಯುತ್ತಿದ್ದಳು. ‘ನಾನು ಗಣಿತದ ಟೀಚರ್,’ ಎಂದು ತನಗೇ ನೆನಪಿಸಿಕೊಳ್ಳುತ್ತಿದ್ದಳು. ಪ್ರಯೋಜನವಾಗಲಿಲ್ಲ.

ಅಪ್ಪ ಮಾತ್ರ ಆಗಾಗ ಏನೋ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಸುಮ್ಮನಾಗುತ್ತಿದ್ದರು.

*

ಅಕ್ಟೋಬರ್‌ನ ಎರಡನೇ ಭಾನುವಾರ, ಮಧ್ಯಾಹ್ನ 3.10. 1402ರ ಬಾಗಿಲ ಪಕ್ಕದ ಡಕ್ಟ್‌ಗೆ ಬೆಂಕಿ ಹತ್ತಿತು.

ಮೊದಲು ಕರೆಂಟ್ ಹೋಯಿತು. ಆಮೇಲೆ ಬಾಗಿಲ ಸಂದಿಯಿಂದ ಕಪ್ಪು ಹೊಗೆ ನೆಲದ ಮೇಲೆ ಹರಿದು ಬಂತು. ಸಂಹಿತಾ ಬಾಗಿಲ ಚಿಲಕ ಮುಟ್ಟಿದಳು. ಸುಡುತ್ತಿತ್ತು.

“ಅಮ್ಮಾ, ಟವೆಲ್ ಒದ್ದೆ ಮಾಡಿ ತನ್ನಿ! ಅಪ್ಪನ್ನ ಕಿಟಕಿ ಹತ್ರ ಕರ್ಕೊಂಡು ಹೋಗಿ!”

ಅವಳು ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದಳು. ವಿಳಾಸ ಹೇಳಿದಳು. ಬಿ ವಿಂಗ್, ಹದಿನಾಲ್ಕನೇ ಮಹಡಿ, ಹೃದ್ರೋಗಿ ಇದ್ದಾರೆ.

3.27ಕ್ಕೆ ಕೆಳಗೆ ಗಂಟೆಯ ಸದ್ದು ಕೇಳಿತು. ಕಿಟಕಿಯಿಂದ ಕೆಂಪು ಗಾಡಿ ಆಟಿಕೆಯಷ್ಟು ಕಂಡಿತು. ಕೇಶವಮೂರ್ತಿಯವರ ಉಸಿರು ಸೀಟಿ ಊದುತ್ತಿತ್ತು.

“ಬಂದ್ರು ಅಪ್ಪಾ, ಬಂದ್ರು... ಇನ್ನೇನು ಬಂದ್ರು...”

ಮೆಟ್ಟಿಲಲ್ಲಿ ಬೂಟುಗಳ ಸದ್ದು. ಹತ್ತಿರವಾಯಿತು. ಬಾಗಿಲ ಹೊರಗೇ ಕೇಳಿತು.

ಬಾಗಿಲನ್ನು ದಾಟಿತು. ಮೇಲೆ ಹೋಯಿತು.

“ಇಲ್ಲಿ! ಇಲ್ಲಿದ್ದೀವಿ!” ಸಂಹಿತಾ ಬಾಗಿಲು ಬಡಿದಳು. ಹೊಗೆ ಗಂಟಲಿಗೆ ನುಗ್ಗಿತು. ತಲೆಯ ಮೇಲೆ ಯಾವುದೋ ಬಾಗಿಲನ್ನು ಒಡೆಯುವ ಸದ್ದು ಶುರುವಾಯಿತು. ದಡ್... ದಡ್... ಅದು 1502. ಆ ಮನೆಯವರು ಪುಣೆಗೆ ಹೋಗಿದ್ದರು.

‘ಯಾಕೆ ಮೇಲೆ ಹೋದ್ರು? ಹದಿನಾಲ್ಕು ಅಂತ ಹೇಳಿದ್ನಲ್ಲ...’

ಹದಿನಾಲ್ಕು.

ಅವರು ಹೊಗೆಯಲ್ಲಿ ಮಹಡಿ ಎಣಿಸಿದ್ದರು. ಸರಿಯಾಗಿಯೇ ಎಣಿಸಿದ್ದರು.

ಅವಳ ಬೆರಳು ತಾನಾಗಿಯೇ ಆ ಹೆಸರನ್ನು ಒತ್ತಿತು. ನಾಲ್ಕು ವಾರಗಳಾಗಿದ್ದವು. ಒಂದೇ ರಿಂಗ್.

“ಸಂಹಿತಾ?”

“ಅಮೋಲ್... ಬೆಂಕಿ... ಅವರು ಮೇಲಿನ ಮನೆಗೆ ಹೋಗಿದ್ದಾರೆ...”

ಅವನು ಒಂದು ಕ್ಷಣವೂ ತಡೆಯಲಿಲ್ಲ. “ಹದಿಮೂರು ಅನ್ರಿ! ಕಿಟಕ್ಯಾಗ ನಿಂತು ಒದರ್ರಿ. ಬಾಗಿಲಾ ತೆಗೀಬ್ಯಾಡ್ರಿ. ನಾ ಶರಣಬಸಪ್ಪಗ ಹಚ್ಚತೀನಿ, ಫೋನ್ ಸಾಹೇಬ್ರ ಕಿವಿಗೆ ಹಿಡಿ ಅಂತೀನಿ. ಬಗ್ಗಿ ಉಸಿರಾಡ್ರಿ. ನಾ ಬರ್ತೀನಿ.”

ಅವಳು ಕಿಟಕಿಗೆ ಓಡಿದಳು. ಕೂಗಲು ಬಾಯಿ ತೆರೆದಳು. ಕೆಮ್ಮು ಬಿಟ್ಟರೆ ಏನೂ ಹೊರಡಲಿಲ್ಲ.

ಆಗ ಅವಳ ಪಕ್ಕದಲ್ಲಿ ಕೌಸಲ್ಯಾ ಕಿಟಕಿಯ ಸರಳುಗಳನ್ನು ಎರಡೂ ಕೈಯಲ್ಲಿ ಹಿಡಿದರು. ಮಗಳ ಮುಖ ನೋಡಿದರು. ಗಂಡನ ನೀಲಿಗಟ್ಟಿದ ತುಟಿ ನೋಡಿದರು.

“ತೇರಾ!” ಅವರು ಕೂಗಿದರು. “ತೇರಾವಾ ಮಾಲಾ! ತೇರಾ! ತೇರಾ!”

ಕೆಳಗೆ ನಿಂತ ಜನ ತಲೆಯೆತ್ತಿದರು. ಹನ್ನೊಂದು ವರ್ಷ ಆ ಸಂಖ್ಯೆಯನ್ನು ಹೇಳದ ಹೆಂಗಸು ಅದನ್ನೇ ಕೂಗುತ್ತಿದ್ದರು, ಅಳುತ್ತ, ಸ್ವರ ಒಡೆಯುವವರೆಗೆ.

ಅಂಗಳದಲ್ಲಿ ಶರಣಬಸಪ್ಪ ಅಧಿಕಾರಿಯ ಕಿವಿಗೆ ಫೋನ್ ಹಿಡಿದಿದ್ದ.

ಮೇಲಿನ ಬಡಿತ ನಿಂತಿತು. ಬೂಟುಗಳು ಕೆಳಗಿಳಿದವು. 3.41ಕ್ಕೆ 1402ರ ಬಾಗಿಲು ಒಡೆಯಿತು.

*

ಕೇಶವಮೂರ್ತಿಯವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಆಸ್ಪತ್ರೆಯ ವೈದ್ಯರು.

ಹಳಿ ದುರಸ್ತಿಯ ಭಾನುವಾರದ ಮೆಗಾಬ್ಲಾಕ್, ಲೋಕಲ್‌ಗಳು ಸರಿಯಾಗಿ ಓಡುತ್ತಿರಲಿಲ್ಲ. ಅಮೋಲ್ ಆಂಟಾಪ್ ಹಿಲ್‌ನಿಂದ ಬೈಕಿನಲ್ಲಿ ಬಂದ. 4.50ಕ್ಕೆ ವಾರ್ಡಿನ ಬಾಗಿಲಲ್ಲಿ ನಿಂತಾಗ ತಲೆಯಲ್ಲಿ ಹೆಲ್ಮೆಟ್ ಹಾಗೇ ಇತ್ತು.

ಆಮ್ಲಜನಕದ ಮಾಸ್ಕ್ ಸರಿಸಿ ಕೇಶವಮೂರ್ತಿ ಕೈಯಾಡಿಸಿದರು. “ಬಾಪ್ಪಾ... ಕೌಸಲ್ಯಾ, ಒಂದು ಹೇಳ್ಬೇಕು. ಇವತ್ತು ಹೇಳ್ದೆ ಇದ್ರೆ ನಾನು ಮನುಷ್ಯನೇ ಅಲ್ಲ.”

“ಮಾತಾಡ್ಬೇಡಿ, ಉಸಿರು ಹತ್ತುತ್ತೆ.”

“ಆ ನಂಬರ್ ಬರೆಯೋಕೆ ಒಪ್ಪಿಗೆ ಕೊಟ್ಟೋನು ನಾನು. ಈ ಹುಡುಗ ಪತ್ರ ಹಿಡ್ಕೊಂಡು ನನ್ನ ಹತ್ರ ಬಂದಿದ್ದ. ಹೊಗೆ ಮೇಲೇರುತ್ತೆ, ಅದಕ್ಕೇ ಕೆಳಗೆ ಬರೀಬೇಕು ಅಂದ. ಹದಿಮೂರು, ಅದರ ಕೆಳಗೆ 1401ರಿಂದ 1404 ಅಂತ. ಬರಿ, ಕೌಸಲ್ಯಾಗೆ ನಾನು ಹೇಳ್ತೀನಿ ಅಂದಿದ್ದೆ.” ಅವರು ಕಣ್ಣು ಮುಚ್ಚಿದರು. “ಹೇಳೋಕೆ ಧೈರ್ಯ ಬರ್ಲಿಲ್ಲ. ಸಂಜೆ ಹೇಳೋಣ ಅಂತಿದ್ದೆ.”

ಕೌಸಲ್ಯಾ ಮಂಚದ ಅಂಚಿನಲ್ಲಿ ಕುಳಿತರು. ತಾವು ಎರಡು ಸಲ ಬಿಳಿ ಬಣ್ಣ ಬಳಿದ ಗೋಡೆ ಅವರ ಕಣ್ಣ ಮುಂದಿತ್ತು. ಹೊಗೆಯಲ್ಲಿ ಅದನ್ನು ದಾಟಿಹೋದ ಬೂಟುಗಳು ಕಿವಿಯಲ್ಲಿದ್ದವು. ಅವರು ಗಂಡನ ಮಾಸ್ಕ್ ಸರಿಮಾಡಿದರು.

ಸಂಹಿತಾ ಕಾರಿಡಾರಿಗೆ ಬಂದಳು. ಅವನು ಹಿಂದೆಯೇ ಬಂದ. ಅದೇ ಆಸ್ಪತ್ರೆ, ಅದೇ ಕಾರಿಡಾರು. ಅವಳು ಅವನನ್ನು ಬೈದಿದ್ದ ಜಾಗ.

“ಆವತ್ತು ಯಾಕೆ ಹೇಳ್ಲಿಲ್ಲ? ಯಾರನ್ನ ಕೇಳಿ ಬರೆದ್ರಿ ಅಂತ ನಾನು ಕೇಳಿದ್ನಲ್ಲ!”

“ಅವರು ಐಸಿಯುನಾಗ ಇದ್ರು. ಅವರ ಹೆಸರ ಹೇಳಿದ್ರ ನಿಮ್ಮ ಅವ್ವಾರ ಸಿಟ್ಟು ಅವರ ಮ್ಯಾಲೆ ಹೋಗ್ತಿತ್ತು. ನನ್ನ ಮ್ಯಾಲೆ ಇರ್ಲಿ ಅಂದ್ಕೊಂಡೆ. ನಾ ಹೆಂಗೂ ಹೊರಗಿನಾಂವ.”

“ಹೊರಗಿನವರಲ್ಲ.”

ಅವನು ತಲೆಯೆತ್ತಿದ.

“ಬೆಂಕಿ ಬಿದ್ದಾಗ ನಾನು ಯಾರಿಗೆ ಫೋನ್ ಮಾಡ್ದೆ, ಅಮೋಲ್? ಹೊರಗಿನವರಿಗೆ ಮಾಡ್ತಾರಾ?” ಅವಳ ಗಂಟಲು ಇನ್ನೂ ಉರಿಯುತ್ತಿತ್ತು. “ನಾಲ್ಕು ವಾರ ಮೆಟ್ಟಿಲು ಎಣಿಸಿದ್ದೀನಿ. ನಂಬರಿಗೆ ಹೆದರಿದ್ದೀನಿ ಅಂದ್ಕೊಂಡಿದ್ದೆ. ನಂಬರಿಗಲ್ಲ... ನೀವು ಮತ್ತೆ ಬರಲ್ಲ ಅಂತ ಹೆದರಿದ್ದೆ.”

“ನಾ ಪ್ರತಿ ಸೋಮವಾರ ನಿಮ್ಮ ಸ್ಟೇಷನ್ ತನಕ ಬಂದು ವಾಪಸ್ ಹೋಗೀನ್ರಿ,” ಎಂದ ಅವನು. “9.05 ನೋಡಿ.”

“ಹೆಲ್ಮೆಟ್ ತೆಗೀರಿ ಮೊದಲು!”

ಅವನು ತೆಗೆದ. ಅವಳು ನಕ್ಕಳು, ಅತ್ತಳು, ಅವನ ಎಣ್ಣೆ ಕಲೆಯ ತೋಳಿಗೆ ಹಣೆಯಾನಿಸಿದಳು.

*

ನವೆಂಬರ್‌ನಲ್ಲಿ ಅಮೋಲ್‌ನ ಮನೆಯವರು ಹೆಣ್ಣು ಕೇಳಲು ಬಂದರು. ತಂದೆ ಪರಪ್ಪ, ತಾಯಿ ರಾಚವ್ವ, ಅವನು. ಬಾಗಿಲು ತೆರೆದ ಕೌಸಲ್ಯಾ ಒಂದು ಕ್ಷಣ ತಡೆದರು. ಇಂಥ ಕೆಲಸಕ್ಕೆ ಯಾರೂ ಮೂರು ಜನ ಹೋಗುವುದಿಲ್ಲ.

ರಾಚವ್ವ ಅವರ ಮುಖ ನೋಡಿದರು. ಚೀಲದಿಂದ ಒಂದು ಸಣ್ಣ ಕಲ್ಲು ತೆಗೆದು ಟೀಪಾಯಿಯ ಮೇಲೆ ಇಟ್ಟರು.

“ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ನಾಲ್ಕನೇದಾಂವ ಇಲ್ಲಿ ಅದಾನ. ಚಾ ಅಷ್ಟ ಕುಡಿಯಂಗಿಲ್ಲ.”

“ಅವ್ವಾ!” ಅಮೋಲ್ ತಲೆ ತಗ್ಗಿಸಿದ.

ಎಷ್ಟೋ ದಿನಗಳ ಮೇಲೆ ಕೌಸಲ್ಯಾ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು ನಾಲ್ಕು ಕಪ್ ತಂದರು.

ಸಂಹಿತಾ ಅಮೋಲ್‌ನನ್ನು ಬಾಗಿಲಾಚೆ ಕರೆದಳು. ಎದುರಿನ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿ, 13 ಮತ್ತೆ ಇತ್ತು. ಅದರ ಕೆಳಗೆ 1401–1404. ಅಂಕೆಗಳು ಸ್ವಲ್ಪ ಸೊಟ್ಟ.

“ಈ ಸಲ ಯಾರು ಬರದ್ರು?”

“ಅಮ್ಮ. ಧನರಾಜ್ ಬೇಡ ಅಂದ್ರು. ಅಮ್ಮ ಬ್ರಶ್ ಹಿಡಿದೇ ಅವರ ಜೊತೆ ಮಾತಾಡಿದ್ರು.”

“ಹಂಗಾರ ಈಗ ಹೇಳ್ರಿ ಟೀಚರ್, ನಿಮ್ಮ ಮನಿ ಎಷ್ಟನೇ ಮಾಲಾ?”

“ಹದಿಮೂರು,” ಎಂದಳು ಅವಳು. ಅವನ ಕೈ ಹಿಡಿದು ಇನ್ನೊಮ್ಮೆ, ಮೆಲ್ಲಗೆ: “ಹದಿಮೂರು.”

ಡಕ್ಟ್‌ನ ಕೇಬಲ್ ಅನ್ನು ಆ ತಿಂಗಳ ಕೊನೆಯಲ್ಲಿ ಬದಲಿಸಲಾಯಿತು. ಅದಾದ ಮೇಲೆ ಲಿಫ್ಟ್ ಆ ಎರಡು ಮಹಡಿಗಳ ನಡುವೆ ನಿಂತಿಲ್ಲ.